ಅಗಲ ಪರದೆಯ ಪ್ರೊಜೆಕ್ಷನ್ ಟಿವಿ ಇಟ್ಟುಕೊಂಡವರಿಗೆ: ಚಿತ್ರ ಚೆನ್ನಾಗಿರಲು, ಪರದೆ ಸವೆಯದಿರಲು ಏನು ಮಾಡಬೇಕು

ಮನೆಯಲ್ಲಿ ಅಗಲ ಪರದೆಯ ಹಳೆಯ ಪ್ರೊಜೆಕ್ಷನ್ ಟಿವಿ, ಅಂದರೆ ಪೆಟ್ಟಿಗೆಯೊಳಗಿಂದಲೇ ಪರದೆಯ ಹಿಂಬದಿಗೆ ಚಿತ್ರ ಬಿಡುವ ದೊಡ್ಡ ಟಿವಿ, ಇದೆಯಾ? ಹಾಗಾದ್ರೆ ಇದನ್ನು ಪೂರ್ತಿ ಓದುವ ಮೊದಲೇ ಒಂದು ಕೆಲಸ ಮಾಡಿ. ರಿಮೋಟ್ ತಗೊಂಡು ಮೆನುವಿಗೆ ಹೋಗಿ, ಕಾಂಟ್ರಾಸ್ಟ್ ಎಷ್ಟಿದೆ ನೋಡಿ. 100 ಅಥವಾ ಅದರ ಆಸುಪಾಸಿನಲ್ಲಿ ಇದ್ದರೆ ಅರ್ಧಕ್ಕೆ ಇಳಿಸಿ. ಕೆಲವು ಸೆಟ್‌ಗಳಲ್ಲಿ ಅದಕ್ಕೆ ‘ಪಿಕ್ಚರ್’ ಅಂತ ಹೆಸರು, ಅದೂ ಇದೇ. ಶುರುವಿನಲ್ಲಿ ಮಂಕಾಗಿದೆ ಅನ್ನಿಸುತ್ತದೆ, ಆಮೇಲೆ ಕಣ್ಣು ಒಗ್ಗಿಕೊಳ್ಳುತ್ತದೆ. ಇಷ್ಟು ಮಾಡಿ ಬನ್ನಿ, ಯಾಕೆ ಅಂತ ಹೇಳುತ್ತೇನೆ.

ನಮ್ಮ ತುಮಕೂರಿನಲ್ಲಿ ಈ ಟಿವಿಗಳು ಪೂರ್ತಿ ಮಾಯವಾಗಿಲ್ಲ. 2000ದ ನಂತರದ ಕೆಲವು ವರ್ಷ ಪ್ಲಾಸ್ಮಾ, ಎಲ್‌ಸಿಡಿ ಮುಟ್ಟಲಾಗದಷ್ಟು ದುಬಾರಿ ಇದ್ದವು, ಹಾಗಾಗಿ ದೊಡ್ಡ ಪರದೆ ಬೇಕು ಅಂದವರು 43 ಇಂಚು, 51 ಇಂಚಿನ ಪ್ರೊಜೆಕ್ಷನ್ ಸೆಟ್ ತಂದರು. ಕೆಲವು ಲಾಡ್ಜ್‌ಗಳ ರಿಸೆಪ್ಷನ್ನಿಗೆ ಬಂದವು, ಕ್ಲಬ್ಬಿಗೆ ಬಂದವು, ಅಮೆರಿಕದಲ್ಲೋ ಗಲ್ಫಿನಲ್ಲೋ ಇದ್ದ ನೆಂಟರು ವಾಪಸ್ ಬರುವಾಗ ಸಾಮಾನಿನ ಜೊತೆ ಸಾಗಿಸಿಕೊಂಡು ಬಂದಿದ್ದೂ ಇದೆ. ಈಗ ಇವನ್ನು ಯಾರೂ ತಯಾರಿಸುವುದಿಲ್ಲ. ಕೊನೆಯವರೆಗೂ ಮಾಡುತ್ತಿದ್ದ ಮಿತ್ಸುಬಿಷಿ ಕಂಪನಿಯೂ 2012ರ ಕೊನೆಯಲ್ಲಿ ಕೈಬಿಟ್ಟಿತು. ಸವೆದು ಹೋದರೆ ಅಂಥದ್ದೇ ಹೊಸದು ಸಿಗುವುದಿಲ್ಲ. ಆದರೆ ಚೆನ್ನಾಗಿ ಇಟ್ಟುಕೊಂಡ ಟ್ಯೂಬ್ ಸೆಟ್ಟಿನಲ್ಲಿ ರಾತ್ರಿ ದೀಪ ಆರಿಸಿ ಒಂದು ಸಿನಿಮಾ ನೋಡಿ, ಕಪ್ಪು ಅಂದರೆ ನಿಜವಾದ ಕಪ್ಪು ಕಾಣುತ್ತದೆ, ಈಗಿನ ಕಡಿಮೆ ಬೆಲೆಯ ಎಷ್ಟೋ ಎಲ್‌ಇಡಿ ಟಿವಿಗಳಲ್ಲಿ ಅದು ಬರೀ ಬೂದು. ಗುಜರಿಗೆ ಹಾಕುವ ವಸ್ತು ಅಲ್ಲ ಇದು.

ನಿಮ್ಮದು ಯಾವ ಜಾತಿಯದು?

ಮೊದಲು ಇದನ್ನು ತಿಳಿದುಕೊಳ್ಳಿ, ಯಾಕೆಂದರೆ ಎರಡಕ್ಕೂ ಆರೈಕೆ ಬೇರೆ ಬೇರೆ. ಒಂದು ಟ್ಯೂಬಿನದು, ಅಂದರೆ ಒಳಗೆ ಪಿಕ್ಚರ್ ಟ್ಯೂಬ್ ಇರುವಂಥದ್ದು. ಇನ್ನೊಂದು ಲ್ಯಾಂಪಿನದು, ಅಂದರೆ ಒಂದು ಲ್ಯಾಂಪಿನ ಬೆಳಕಿನಿಂದ ಚಿತ್ರ ಬಿಡುವ ಡಿಎಲ್‌ಪಿ (ಪುಟ್ಟ ಕನ್ನಡಿಗಳ ಚಿಪ್ಪಿನದು) ಅಥವಾ ಎಲ್‌ಸಿಡಿ ಪ್ರೊಜೆಕ್ಷನ್. ಮೆನುವಿನಲ್ಲಿ ‘ಕನ್ವರ್ಜೆನ್ಸ್’ (ಮೂರು ಬಣ್ಣದ ಚಿತ್ರ ಕೂಡಿಸುವ ಆಯ್ಕೆ) ಅಂತ ಇದ್ದರೆ ಅದು ಟ್ಯೂಬಿನದು. ನೆಲದ ಮೇಲೇ ನಿಲ್ಲುವಷ್ಟು ಎತ್ತರ, ಇಬ್ಬರು ಮೂವರು ಹಿಡಿದರೂ ಜರುಗದ ಭಾರ ಇದ್ದರೆ ಅದೂ ಬಹುಮಟ್ಟಿಗೆ ಟ್ಯೂಬಿನದೇ. ಲ್ಯಾಂಪಿನದು ಹಗುರ, ಟೇಬಲ್ ಮೇಲೆ ಇಡಬಹುದು, ಸ್ವಿಚ್ ಹಾಕಿದ ಮೇಲೆ ಚಿತ್ರ ಬರಲು ಅರ್ಧ ನಿಮಿಷ ಹತ್ತಿರ ಕಾಯಬೇಕು, ಆಫ್ ಮಾಡಿದ ಮೇಲೂ ಫ್ಯಾನ್ ಸ್ವಲ್ಪ ಹೊತ್ತು ತಿರುಗುತ್ತಿರುತ್ತದೆ.

ಪರದೆ ಸವೆಯುವ ತೊಂದರೆ ಟ್ಯೂಬಿನದಕ್ಕೆ. ಹಾಗಾಗಿ ಈ ಲೇಖನದ ಹೆಚ್ಚಿನ ಪಾಲು ಅದಕ್ಕೇ. ಲ್ಯಾಂಪಿನದರ ಮಾತು ಮುಂದೆ ಬರುತ್ತದೆ.

ಸವೆಯುವುದು ಎಲ್ಲಿ?

ಎಲ್ಲರೂ ‘ಪರದೆ ಸುಟ್ಟುಹೋಗಿದೆ’ ಅನ್ನುತ್ತಾರೆ. ಹೊರಗೆ ಕಾಣುವ ಪರದೆಗೆ ಏನೂ ಆಗಿರುವುದಿಲ್ಲ, ಅದನ್ನು ಬದಲಾಯಿಸಿದರೂ ಗುರುತು ಹೋಗುವುದಿಲ್ಲ. ಪೆಟ್ಟಿಗೆಯ ಕೆಳಭಾಗದಲ್ಲಿ ಮೂರು ಚಿಕ್ಕ ಪಿಕ್ಚರ್ ಟ್ಯೂಬ್‌ಗಳು ಇರುತ್ತವೆ, ಸಾಮಾನ್ಯವಾಗಿ 7 ಇಂಚಿನವು, ಕೆಂಪಿಗೊಂದು, ಹಸಿರಿಗೊಂದು, ನೀಲಿಗೊಂದು. ಒಂದೊಂದರ ಮುಂದೆಯೂ ದಪ್ಪ ಲೆನ್ಸ್. ಟ್ಯೂಬಿನ ಮುಖ ಕಾಯದಿರಲಿ ಅಂತ ಅದಕ್ಕೂ ಲೆನ್ಸಿಗೂ ನಡುವೆ ಕೂಲೆಂಟ್, ಅಂದರೆ ತಣಿಸುವ ದ್ರವ ತುಂಬಿರುತ್ತಾರೆ. ಮೂರು ಬಣ್ಣದ ಬೆಳಕೂ ಹಿಂದಿನ ಕನ್ನಡಿಗೆ ಬಡಿದು ಪರದೆಯ ಮೇಲೆ ಒಂದಾಗುತ್ತದೆ. ಅಂಗೈ ಅಗಲದ ಚಿತ್ರವನ್ನು 51 ಇಂಚಿಗೆ ಹಿಗ್ಗಿಸಬೇಕು ಅಂದರೆ ಆ ಪುಟ್ಟ ಟ್ಯೂಬ್ ಎಷ್ಟು ಜೋರಾಗಿ ಬೆಳಗಬೇಕು ನೋಡಿ. ಮಾಮೂಲಿ ದಪ್ಪ ಟಿವಿಯ ಟ್ಯೂಬಿಗೆ ಇಷ್ಟು ಒತ್ತಡ ಇರಲಿಲ್ಲ, ಅದಕ್ಕೇ ಅದರಲ್ಲಿ ಈ ಸವೆತ ಇಷ್ಟು ಬೇಗ ಕಾಣುತ್ತಿರಲಿಲ್ಲ.

ಟ್ಯೂಬಿನ ಒಳಮೈಗೆ ಬಳಿದ ಫಾಸ್ಫರ್ ಪುಡಿಯೇ ಬೆಳಕು ಕೊಡುವುದು. ಎಲ್ಲಿ ಜಾಸ್ತಿ ಬೆಳಗುತ್ತದೋ ಅಲ್ಲಿ ಬೇಗ ಸವೆಯುತ್ತದೆ, ಎಲ್ಲಿ ಕಪ್ಪಾಗಿಯೇ ಇರುತ್ತದೋ ಅಲ್ಲಿ ಹೊಸದಾಗಿಯೇ ಉಳಿಯುತ್ತದೆ. ಗೋಡೆಗೆ ವರ್ಷಗಟ್ಟಲೆ ತೂಗುಹಾಕಿದ್ದ ಫೋಟೋ ತೆಗೆದರೆ ಹಿಂದೆ ಬಣ್ಣ ಹೊಸದಾಗಿ ಉಳಿದಿರುತ್ತದಲ್ಲ, ಹಾಗೆ. ಇಡೀ ಪರದೆ ಒಂದೇ ಸಮ ಸವೆದರೆ ಕಣ್ಣಿಗೆ ಗೊತ್ತೇ ಆಗುವುದಿಲ್ಲ, ಸ್ವಲ್ಪ ಮಂಕಾಗುತ್ತದೆ ಅಷ್ಟೇ. ಒಂದು ಕಡೆ ಸವೆದು ಇನ್ನೊಂದು ಕಡೆ ಸವೆಯದೇ ಇದ್ದಾಗ ಮಾತ್ರ ಗುರುತು ಎದ್ದು ಕಾಣುತ್ತದೆ. ಹಾಗಾಗಿ ನಮ್ಮ ಕೆಲಸ ಎರಡು: ಸವೆತ ನಿಧಾನ ಆಗಬೇಕು, ಆಗುವುದು ಎಲ್ಲ ಕಡೆ ಸಮನಾಗಿ ಆಗಬೇಕು. ಶುರುವಿನಲ್ಲೇ ಕಾಂಟ್ರಾಸ್ಟ್ ಇಳಿಸಿ ಅಂದಿದ್ದು ಇದಕ್ಕೇ.

ಇಲ್ಲಿ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಲಾಡ್ಜಿನಲ್ಲಿ ಇಂಥ ಸೆಟ್ ಇದೆ. ಬೆಳಿಗ್ಗೆ ಬಾಗಿಲು ತೆಗೆದಾಗ ನ್ಯೂಸ್ ಚಾನೆಲ್ ಹಾಕಿದರೆ ರಾತ್ರಿಯವರೆಗೂ ಅದೇ. ಒಂದು ಸಂಜೆ ಅದರಲ್ಲಿ ಹಳೆಯ ಚಿತ್ರಗೀತೆ ಬರುತ್ತಿತ್ತು. ಹಾಡಿನಲ್ಲಿ ಪೂರ್ತಿ ಆಕಾಶ ಕಾಣುವ ದೃಶ್ಯ. ಆ ಆಕಾಶದ ಅಡಿಯಲ್ಲಿ ಒಂದು ಅಡ್ಡ ಪಟ್ಟಿ, ಮೇಲೆ ಬಲಮೂಲೆಯಲ್ಲಿ ಒಂದು ಚೌಕ, ಪಟ್ಟಿಯ ಎಡತುದಿಯಲ್ಲಿ ‘ಬ್ರೇಕಿಂಗ್’ ಅನ್ನುವ ಅಕ್ಷರಗಳ ಆಕಾರವೇ ಹಳದಿಯಾಗಿ ನಿಂತಿತ್ತು. ನ್ಯೂಸ್ ಚಾನೆಲ್ ಅಲ್ಲಿ ಇರಲೇ ಇಲ್ಲ, ಅದರ ಅಚ್ಚು ಇತ್ತು. ರಿಸೆಪ್ಷನ್ನಿನ ಹುಡುಗ ‘ಕೇಬಲ್‌ನವರಿಗೆ ಹೇಳಿದೀನಿ ಅಣ್ಣ, ಬಂದು ಸರಿ ಮಾಡ್ತಾರಂತೆ’ ಅಂದ. ಅವರ ಕೈಯಲ್ಲಿ ಆಗುವ ಕೆಲಸ ಅಲ್ಲ ಅದು. ಹಳದಿ ಕಂಡಿತು ಅಂದರೆ ಆ ಜಾಗದಲ್ಲಿ ನೀಲಿ ಟ್ಯೂಬ್ ಸವೆದಿದೆ ಅಂತ ಅರ್ಥ. ಹಸಿರು ಸವೆದಿದ್ದರೆ ಗುಲಾಬಿ ಛಾಯೆ ಬರುತ್ತದೆ.

ನಿಮ್ಮ ಸೆಟ್ ಪರೀಕ್ಷೆ ಮಾಡಿ

ಪೂರ್ತಿ ಬೂದು ಬಣ್ಣದ ಒಂದು ಚಿತ್ರ ಪರದೆ ತುಂಬ ಬರುವ ಹಾಗೆ ಮಾಡಿ. ಡಿವಿಡಿ ಪ್ಲೇಯರಿಗೆ ಪೆನ್ ಡ್ರೈವ್ ಹಾಕಲು ಬರುತ್ತಿದ್ದರೆ ಮೊಬೈಲಿನಲ್ಲೇ ಬೂದು ಚಿತ್ರ ಮಾಡಿ ಹಾಕಬಹುದು. ಕೋಣೆ ಕತ್ತಲು ಮಾಡಿ ಎದುರಿಗೆ ಕೂತು ನೋಡಿ. ಎಡಬಲದಲ್ಲಿ ಉದ್ದುದ್ದ ಪಟ್ಟಿ ಕಂಡರೆ 4:3 ಚಿತ್ರವನ್ನು, ಅಂದರೆ ಹಳೆಯ ಟಿವಿಯ ಚೌಕದಂಥ ಚಿತ್ರವನ್ನು ಜಾಸ್ತಿ ನೋಡಿದ ಗುರುತು. ಮೇಲೆ ಕೆಳಗೆ ಕಂಡರೆ ಸಿನಿಮಾಸ್ಕೋಪಿನದು, ಅಂದರೆ ಇನ್ನೂ ಅಗಲದ ಸಿನಿಮಾದ್ದು. ಮೂಲೆಯಲ್ಲಿ ಚುಕ್ಕೆಯಂತೆ ಕಂಡರೆ ಚಾನೆಲ್ ಲೋಗೋ. ಆಮೇಲೆ ಪೂರ್ತಿ ನೀಲಿ, ಪೂರ್ತಿ ಹಸಿರು, ಪೂರ್ತಿ ಕೆಂಪು ಹಾಕಿ ಒಂದೊಂದಾಗಿ ನೋಡಿದರೆ ಯಾವ ಟ್ಯೂಬ್ ಎಷ್ಟು ಸವೆದಿದೆ ಅಂತ ಬಿಡಿಸಿ ಗೊತ್ತಾಗುತ್ತದೆ. ನೀಲಿಯಲ್ಲೇ ಮೊದಲು ಕಾಣುವುದು ಮಾಮೂಲು.

ಈಗ ಚಿತ್ರ ಹೊಂದಿಸುವುದು

ಮೆನು ಮುಟ್ಟುವ ಮೊದಲು ಕೋಣೆ ನೋಡಿ. ಪಶ್ಚಿಮಕ್ಕೆ ಕಿಟಕಿ ಇರುವ ಹಾಲ್‌ನಲ್ಲಿ ಸಂಜೆ ನಾಲ್ಕಕ್ಕೆ ಪರದೆ ಮೇಲೆ ಬಿಸಿಲು ಬಿದ್ದರೆ ಯಾವ ಟಿವಿಯಾದರೂ ಮಂಕು. ಮಂಕು ಅಂತ ಕಾಂಟ್ರಾಸ್ಟ್ ಏರಿಸುತ್ತೀರಿ, ಏರಿಸಿದ್ದು ರಾತ್ರಿಯೂ ಹಾಗೇ ಇರುತ್ತದೆ, ಟ್ಯೂಬ್ ಸವೆಯುತ್ತದೆ. ದಪ್ಪ ಪರದೆಬಟ್ಟೆ ಕಟ್ಟಿಸಿ. ಅದರ ಖರ್ಚು ಟ್ಯೂಬಿನ ಮುಂದೆ ಏನೂ ಅಲ್ಲ. ಇನ್ನೊಂದು ಕಾರಣವೂ ಇದೆ, ಪ್ರೊಜೆಕ್ಷನ್ ಪರದೆಯ ಹಿಂದೆ ಫ್ರೆನೆಲ್ ಲೆನ್ಸಿನ ಹಾಳೆ ಇರುತ್ತದೆ, ನೇರ ಬಿಸಿಲು ಬಿದ್ದರೆ ಅದು ಬಿಸಿಲನ್ನು ಒಳಗೆ ಒಂದೇ ಜಾಗಕ್ಕೆ ಕೂಡಿಸಿ ಹಾಳು ಮಾಡಬಹುದು. ಸೆಟ್ಟನ್ನು ಬಿಸಿಲು ಬೀಳದ ಗೋಡೆಗೆ ಇಡಿ.

ಕೂರುವ ಎತ್ತರವೂ ಮುಖ್ಯ. ಈ ಪರದೆ ಬೆಳಕನ್ನು ಎಡಬಲಕ್ಕೆ ಚೆನ್ನಾಗಿ ಹರಡುತ್ತದೆ, ಮೇಲೆ ಕೆಳಗೆ ಅಷ್ಟಾಗಿ ಇಲ್ಲ. ನಿಂತು ನೋಡಿದರೆ ಕಪ್ಪಾಗಿ ಕಾಣುವ ಚಿತ್ರ ಕೂತರೆ ಬೆಳಗುತ್ತದೆ. ಅಂಗಡಿಯಲ್ಲಿ ನಿಂತುಕೊಂಡು ನೋಡಿ ‘ಇದೇನು ಇಷ್ಟು ಡಿಮ್ಮು’ ಅಂದವರು ಎಷ್ಟೋ ಜನ. ಪರದೆಯ ಮಧ್ಯಭಾಗ ನಿಮ್ಮ ಕಣ್ಣಿನ ಮಟ್ಟಕ್ಕೆ ಬರುವ ಹಾಗೆ ಕೂತುಕೊಳ್ಳಿ.

ದೂರದ ವಿಷಯಕ್ಕೆ ಒಂದು ಲೆಕ್ಕ ಇದೆ. ಮಾಮೂಲಿ ಎಸ್‌ಡಿ ಚಾನೆಲ್ ಆದರೆ ಪರದೆಯ ಎತ್ತರದ ಆರು ಪಟ್ಟು, ಎಚ್‌ಡಿ ಆದರೆ ಮೂರು ಪಟ್ಟು. 51 ಇಂಚಿನ ಅಗಲ ಪರದೆ ಸುಮಾರು 25 ಇಂಚು ಎತ್ತರ ಇರುತ್ತದೆ. ಅಂದರೆ ಎಸ್‌ಡಿಗೆ ಹನ್ನೆರಡು ಅಡಿ ದೂರ, ಎಚ್‌ಡಿಗೆ ಆರು ಅಡಿ. ಎಸ್‌ಡಿಯಲ್ಲಿ ಬರುವುದೇ 576 ಗೆರೆ, ಹತ್ತಿರ ಕೂತರೆ ಮಬ್ಬಾಗಿ ಕಾಣುತ್ತದೆ, ಅದು ಟಿವಿಯ ದೋಷ ಅಲ್ಲ.

ಈಗ ಮೆನು. ಪಿಕ್ಚರ್ ಮೋಡ್ ‘ವಿವಿಡ್’ ಅಥವಾ ‘ಡೈನಾಮಿಕ್’ ಇದ್ದರೆ ತೆಗೆದು ‘ಮೂವಿ’ ಮಾಡಿ. ವಿವಿಡ್ ಅನ್ನುವುದು ಶೋರೂಮಿನ ಟ್ಯೂಬ್‌ಲೈಟ್ ಬೆಳಕಿನಲ್ಲಿ ಗಿರಾಕಿಯ ಕಣ್ಣು ಸೆಳೆಯಲು ಇಟ್ಟಿದ್ದು, ಮನೆಗಲ್ಲ. ಕಲರ್ ಟೆಂಪರೇಚರ್ ‘ಕೂಲ್’ ಬೇಡ, ‘ವಾರ್ಮ್’ ಇರಲಿ. ಇದರಿಂದ ಎರಡು ಲಾಭ. ಮುಖದ ಬಣ್ಣ ಸಹಜವಾಗುತ್ತದೆ, ಸಿನಿಮಾ ತಯಾರಾಗುವುದೂ ಹೆಚ್ಚುಕಡಿಮೆ ಆ ಬಿಳಿಗೇ, ಅಂದರೆ 6500 ಕೆಲ್ವಿನ್ನಿಗೆ. ಜೊತೆಗೆ, ಕೂಲ್ ಅಂದರೆ ನೀಲಿ ಜಾಸ್ತಿ, ಮೊದಲೇ ಸವೆಯುವ ನೀಲಿ ಟ್ಯೂಬಿನ ಮೇಲೆ ಇನ್ನಷ್ಟು ಹೊರೆ. ವಾರ್ಮ್ ಮಾಡಿದರೆ ಆ ಹೊರೆ ಇಳಿಯುತ್ತದೆ.

ಬ್ರೈಟ್‌ನೆಸ್ ಹೊಂದಿಸಲು ರಾತ್ರಿಯ ದೃಶ್ಯ ಇರುವ ಒಂದು ಸಿನಿಮಾ ಹಾಕಿ, ಮೇಲೆ ಕೆಳಗೆ ಕಪ್ಪು ಪಟ್ಟಿ ಇರುವಂಥದ್ದು. ಬ್ರೈಟ್‌ನೆಸ್ ಏರಿಸುತ್ತಾ ಹೋಗಿ, ಕಪ್ಪು ಪಟ್ಟಿ ಬೂದಾಗಲು ಶುರುವಾಗುತ್ತದೆ, ಆಗ ನಿಧಾನಕ್ಕೆ ಇಳಿಸಿ, ಪಟ್ಟಿ ಮತ್ತೆ ಕಪ್ಪಾದ ಕಡೆ ನಿಲ್ಲಿಸಿ. ಕರಿ ಕೋಟಿನ ಮಡಿಕೆ, ಕೂದಲ ಎಳೆ ಆಗಲೂ ಕಾಣುತ್ತಿರಬೇಕು. ಕಾಂಟ್ರಾಸ್ಟಿಗೆ ಇದರ ಉಲ್ಟಾ. ಬಿಳಿ ಪಂಚೆ ಉಟ್ಟವರು ಬಿಸಿಲಲ್ಲಿ ನಿಂತ ದೃಶ್ಯ ಹುಡುಕಿ. ಪಂಚೆಯ ಮಡಿಕೆಗಳು ಬಿಳಿಯಲ್ಲಿ ಕರಗಿ ಹೋಗಿದ್ದರೆ ಕಾಂಟ್ರಾಸ್ಟ್ ಜಾಸ್ತಿ ಆಗಿದೆ, ಮಡಿಕೆ ಕಾಣುವವರೆಗೆ ಇಳಿಸಿ. ಬಿಳಿ ಅಕ್ಷರಗಳ ಅಂಚು ಊದಿಕೊಂಡು ನೀಲಿಯಾಗಿ ಹರಡಿದಂತೆ ಕಂಡರೆ ಇನ್ನೂ ಇಳಿಸಿ. ಬಹಳ ಸೆಟ್‌ಗಳಲ್ಲಿ ಇದು 30ರಿಂದ 50ರ ನಡುವೆ ಬಂದು ನಿಲ್ಲುತ್ತದೆ. ಕಾಂಟ್ರಾಸ್ಟ್ ಕೈಯಾಡಿಸಿದಾಗ ಬ್ರೈಟ್‌ನೆಸ್ ಸ್ವಲ್ಪ ಆಚೀಚೆ ಆಗುತ್ತದೆ, ಅದನ್ನು ಮತ್ತೊಮ್ಮೆ ನೋಡಿ.

ಶಾರ್ಪ್‌ನೆಸ್ ಕಡಿಮೆ ಮಾಡಿ. ಮೆನುವಿನಲ್ಲಿ ‘ವೆಲಾಸಿಟಿ ಮಾಡ್ಯುಲೇಷನ್’ ಅಂತ ಇದ್ದರೆ ಆಫ್ ಮಾಡಿ. ಎರಡೂ ಅಂಚುಗಳಿಗೆ ಇಲ್ಲದ ಗೆರೆ ಎಳೆಯುತ್ತವೆ, ಚಿತ್ರಕ್ಕೆ ಏನೂ ಸೇರಿಸುವುದಿಲ್ಲ.

ವೈರ್ ಕೂಡ ನೋಡಿ. ಸೆಟ್‌ಟಾಪ್ ಬಾಕ್ಸಿನಿಂದ ಒಂದೇ ಹಳದಿ ಪಿನ್ನಿನಲ್ಲಿ ಚಿತ್ರ ಬರುತ್ತಿದ್ದರೆ, ಹಸಿರು ನೀಲಿ ಕೆಂಪು ಮೂರು ಪಿನ್ನಿನ ಕಾಂಪೊನೆಂಟ್ ವೈರ್ ಹಾಕಲು ಆಗುತ್ತದಾ ನೋಡಿ. ಡಿವಿಡಿ ಪ್ಲೇಯರ್‌ಗಳಲ್ಲಿ ಇದು ಸಾಮಾನ್ಯವಾಗಿ ಇರುತ್ತದೆ. ಬಣ್ಣದ ಅಂಚುಗಳು ಎಷ್ಟು ಚೊಕ್ಕ ಆಗುತ್ತವೆ ಅಂದರೆ, ನೋಡಿದ ಕೂಡಲೇ ಗೊತ್ತಾಗುತ್ತದೆ.

ಅಗಲ ಪರದೆ, ಚೌಕ ಚಿತ್ರ

ಜಗಳ ಶುರುವಾಗುವುದೇ ಇಲ್ಲಿ. ಟಿವಿ 16:9, ಆದರೆ ಹಳೆಯ ಸಿನಿಮಾಗಳು, ಎಷ್ಟೋ ಎಸ್‌ಡಿ ಕಾರ್ಯಕ್ರಮಗಳು 4:3. ಇದ್ದ ಹಾಗೇ ತೋರಿಸಿದರೆ ಚಿತ್ರ ಪರದೆಯ ಮುಕ್ಕಾಲು ಅಗಲದಲ್ಲಿ ನಿಲ್ಲುತ್ತದೆ. 51 ಇಂಚಿನದರಲ್ಲಿ ಎಡಕ್ಕೆ ಐದೂವರೆ, ಬಲಕ್ಕೆ ಐದೂವರೆ ಇಂಚು ಕಪ್ಪು. ದಿನಾ ಹೀಗೇ ನೋಡಿದರೆ ನಡುವಿನ ಮುಕ್ಕಾಲು ಸವೆಯುತ್ತದೆ, ಬದಿಗಳು ಹೊಸದಾಗಿಯೇ ಉಳಿಯುತ್ತವೆ. ಮುಂದೆ ಎಚ್‌ಡಿ ಚಾನೆಲ್ ಹಾಕಿಸಿದ ದಿನ ಎರಡು ಬದಿಗೂ ಬೆಳ್ಳಗಿನ ಪಟ್ಟಿ.

ಹಾಗಂತ ಪೂರ್ತಿ ಎಳೆದು ತುಂಬಿಸುವ ‘ಫುಲ್’ ಮೋಡ್ ಹಾಕಿದರೆ ಎಲ್ಲವೂ ಮೂರನೇ ಒಂದು ಭಾಗ ಅಗಲ ಜಾಸ್ತಿ ಆಗುತ್ತದೆ. ನಮ್ಮ ದೊಡ್ಡಮ್ಮ ಬಂದಾಗ ಸೀರಿಯಲ್ ನೋಡುತ್ತಾ ‘ಏನೋ ಮಗ, ಎಲ್ಲರೂ ಊದ್ಕೊಂಡಂಗೆ ಕಾಣ್ತಾರಲ್ಲೋ’ ಅಂದಿದ್ದು ಇದಕ್ಕೇ. ಅವರಿಗೆ ‘ವೈಡ್ ಜೂಮ್’ ಹಾಕಿಕೊಟ್ಟೆ, ಸುಮ್ಮನಾದರು. ಕೆಲವು ಸೆಟ್‌ಗಳಲ್ಲಿ ಅದರ ಹೆಸರು ‘ಪನೋರಮಾ’. ಇದು ನಡುವಿನ ಭಾಗವನ್ನು ಹೆಚ್ಚುಕಡಿಮೆ ಇದ್ದ ಹಾಗೇ ಬಿಟ್ಟು, ಎಡಬಲದ ಅಂಚನ್ನು ಜಾಸ್ತಿ ಎಳೆಯುತ್ತದೆ. ಸೀರಿಯಲ್ಲು, ಚರ್ಚೆ ಇಂಥದ್ದರಲ್ಲಿ ಮುಖಗಳು ನಡುವೆಯೇ ಇರುವುದರಿಂದ ಗೊತ್ತಾಗುವುದಿಲ್ಲ. ಕ್ಯಾಮೆರಾ ಪಕ್ಕಕ್ಕೆ ಹರಿದಾಗ ಮಾತ್ರ ಅಂಚಿನಲ್ಲಿ ಕಂಬ, ಮರ ಎಲ್ಲ ಹಿಗ್ಗಿ ಕುಗ್ಗಿದಂತೆ ಕಾಣುತ್ತದೆ.

‘ಜೂಮ್’ ಅನ್ನುವುದು ಬೇರೆ. ಅದು ಆಕಾರ ಕೆಡಿಸುವುದಿಲ್ಲ, ಮೇಲೆ ಕೆಳಗೆ ಕತ್ತರಿಸುತ್ತದೆ, ಒಟ್ಟು ಎತ್ತರದಲ್ಲಿ ಕಾಲು ಭಾಗ ಹೋಗುತ್ತದೆ. ಪೂರ್ತಿ 4:3 ಇರುವ ಹಳೆಯ ಸಿನಿಮಾಗೆ ಹಾಕಿದರೆ ತಲೆ ಕತ್ತರಿಸಿ ಹೋಗುತ್ತದೆ, ನನಗೆ ಅದು ಹಿಡಿಸುವುದಿಲ್ಲ. ಎಸ್‌ಡಿಯಲ್ಲಿ ಸುತ್ತ ನಾಲ್ಕೂ ಕಡೆ ಕಪ್ಪು ಬಂದು ನಡುವೆ ಪುಟ್ಟ ಚಿತ್ರ ಬರುತ್ತದಲ್ಲ, ಅದಕ್ಕೆ ಜೂಮ್ ಹೇಳಿ ಮಾಡಿಸಿದ್ದು.

ಹಳೆಯ ಕಪ್ಪು ಬಿಳುಪು ಚಿತ್ರಗಳನ್ನು ಮಾತ್ರ ದಯವಿಟ್ಟು ಅದರ ಆಕಾರದಲ್ಲೇ ನೋಡಿ. ಆ ಚೌಕಟ್ಟನ್ನು ಲೆಕ್ಕ ಹಾಕಿ ಕಟ್ಟಿದವರಿದ್ದಾರೆ. ಬದಿಯ ಪಟ್ಟಿಯನ್ನು ಕಪ್ಪಿನ ಬದಲು ಬೂದು ಮಾಡುವ ಆಯ್ಕೆ ಮೆನುವಿನಲ್ಲಿ ಇದ್ದರೆ ಬೂದು ಮಾಡಿ. ಕಣ್ಣಿಗೆ ಅಷ್ಟು ಹಿತ ಅಲ್ಲ, ಆದರೆ ಬೂದು ಅಂದರೆ ಬದಿಗಳೂ ಅಷ್ಟಿಷ್ಟು ಬೆಳಗುತ್ತವೆ, ನಡುವಿನ ಜೊತೆಗೇ ಸವೆಯುತ್ತವೆ. ಆ ಆಯ್ಕೆ ಇಲ್ಲದಿದ್ದರೆ ಅಂಥ ಚಿತ್ರ ಯಾವಾಗಲೋ ಒಮ್ಮೆ ಇರಲಿ. ಪರದೆ ತುಂಬದ ಚಿತ್ರ, ನಿಂತ ಚಿತ್ರ ಎಲ್ಲ ಸೇರಿ ವಾರದ ಒಟ್ಟು ವೀಕ್ಷಣೆಯಲ್ಲಿ ಶೇ. 15 ಮೀರಬಾರದು ಅಂತ ಕೆಲವು ತಯಾರಕರು ಮ್ಯಾನ್ಯುಯಲ್‌ನಲ್ಲೇ ಹಾಕಿದ್ದರು. ಅದನ್ನೇ ಹಿಡಿದುಕೊಂಡರೆ ಸಾಕು. ವಾರಕ್ಕೆ ಇಪ್ಪತ್ತು ಗಂಟೆ ಟಿವಿ ನೋಡುವ ಮನೆಯಲ್ಲಿ ಮೂರು ಗಂಟೆ ಆಯ್ತು, ಒಂದು ಪೂರ್ತಿ ಹಳೆಯ ಸಿನಿಮಾ. ಸಿನಿಮಾಸ್ಕೋಪ್ ಚಿತ್ರಕ್ಕೂ ಇದೇ ಮಾತು, ಅದರಲ್ಲಿ ಮೇಲೆ ಕೆಳಗೆ ತಲಾ ಎಂಟನೇ ಒಂದು ಭಾಗದಷ್ಟು ಕಪ್ಪು ಇರುತ್ತದೆ.

ಒಂದು ವಿಷಯ ಎಲ್ಲರನ್ನೂ ಗೊಂದಲ ಮಾಡುತ್ತದೆ. ಆಕಾರ ಬದಲಾಯಿಸುವ ಗುಂಡಿ ಟಿವಿ ರಿಮೋಟಿನಲ್ಲೂ ಇರುತ್ತದೆ, ಸೆಟ್‌ಟಾಪ್ ಬಾಕ್ಸಿನ ಸೆಟ್ಟಿಂಗ್‌ನಲ್ಲೂ ಇರುತ್ತದೆ. ಎರಡೂ ಸೇರಿ ಎಳೆದರೆ ಚಿತ್ರ ಹಾಳು. ಬಾಕ್ಸಿನಲ್ಲಿ ಟಿವಿ 16:9 ಅಂತ ಒಮ್ಮೆ ಹೇಳಿಬಿಡಿ, ಮತ್ತೆ ಅದನ್ನು ಮುಟ್ಟಬೇಡಿ. ಬೇಕಾದಾಗ ಟಿವಿ ರಿಮೋಟಿನಲ್ಲಿ ಮಾತ್ರ ಬದಲಾಯಿಸಿ.

ನಿಂತ ಚಿತ್ರ

ನ್ಯೂಸ್ ಪಟ್ಟಿ, ಕ್ರಿಕೆಟ್ ಸ್ಕೋರು, ಚಾನೆಲ್ ಲೋಗೋ, ವಿಡಿಯೋ ಗೇಮಿನ ಮೂಲೆಯ ಲೆಕ್ಕ, ಡಿವಿಡಿ ಮೆನು. ಟ್ಯೂಬಿಗೆ ಇವೆಲ್ಲ ಒಂದೇ: ಕದಲದ ಬೆಳಕು. ಅದರಲ್ಲೂ ಬಿಳಿ ಪಟ್ಟಿಯ ಮೇಲಿನ ಅಕ್ಷರ ಬಹಳ ಕೆಟ್ಟದ್ದು. ನ್ಯೂಸ್ ನೋಡಬೇಡಿ ಅಂತ ಹೇಳುತ್ತಿಲ್ಲ. ಅರ್ಧ ಗಂಟೆ ನೋಡಿ, ಚಾನೆಲ್ ಬದಲಾಯಿಸಿ. ದಿನಪೂರ್ತಿ ಒಂದೇ ಚಾನೆಲ್ ಓಡಬೇಕಾದ ಜಾಗ ಆದರೆ, ಅಂದರೆ ಹೋಟೆಲ್, ಲಾಡ್ಜ್, ಕ್ಲಿನಿಕ್, ಅಲ್ಲಿಗೆ ಒಂದು ಚಿಕ್ಕ ಎಲ್‌ಇಡಿ ಟಿವಿ ಹಾಕಿ, ಇದನ್ನು ಸಂಜೆಯ ಸಿನಿಮಾಗೆ ಇಡಿ. ಯಾರಾದರೂ ಬಾಗಿಲು ಬಡಿದರೆ ಚಿತ್ರ ಹಾಗೇ ನಿಲ್ಲಿಸಿ (ಪಾಜ್ ಮಾಡಿ) ಎದ್ದು ಹೋಗುವ ಅಭ್ಯಾಸ ಇದ್ದರೆ ಬಿಡಿ, ಆಫ್ ಮಾಡಿ ಹೋಗಿ. ಗೇಮ್ ಆಡುವ ಮಕ್ಕಳಿಗೆ ಬೇರೆ ಟಿವಿ ಕೊಡಿ, ಇದರಲ್ಲಿ ಆಡಿಸಲೇಬೇಡಿ. ಈ ವಿಷಯದಲ್ಲಿ ನಾನು ಗಟ್ಟಿ.

ಕನ್ವರ್ಜೆನ್ಸ್

ಮೂರು ಟ್ಯೂಬಿನ ಮೂರು ಚಿತ್ರ ಒಂದರ ಮೇಲೊಂದು ಕರಾರುವಾಕ್ಕಾಗಿ ಕೂರಬೇಕು. ಕೂತಿಲ್ಲ ಅಂದರೆ ಬಿಳಿ ಅಕ್ಷರದ ಒಂದು ಕಡೆ ಕೆಂಪು ನೆರಳು, ಇನ್ನೊಂದು ಕಡೆ ನೀಲಿ ನೆರಳು ಕಾಣುತ್ತದೆ. ಬಹಳ ಜನ ಇದನ್ನು ಕೇಬಲ್ ಸರಿ ಇಲ್ಲ ಅಂದುಕೊಳ್ಳುತ್ತಾರೆ. ಟಿವಿ ಆನ್ ಮಾಡಿ ಅರ್ಧ ಗಂಟೆ ಓಡಲು ಬಿಡಿ, ತಣ್ಣಗಿದ್ದಾಗ ಸರಿ ಮಾಡಿದರೆ ಬಿಸಿಯಾದ ಮೇಲೆ ಮತ್ತೆ ಜರುಗುತ್ತದೆ. ಆಮೇಲೆ ಮೆನುವಿನಲ್ಲಿ ಕನ್ವರ್ಜೆನ್ಸ್ ತೆಗೆಯಿರಿ, ನಡುವೆ ಒಂದು ಕೂಡಿಸುವ (+) ಗುರುತು ಬರುತ್ತದೆ. ಹಸಿರನ್ನು ಮುಟ್ಟಬೇಡಿ, ಅದೇ ಆಧಾರ. ಕೆಂಪನ್ನು ಬಾಣದ ಗುಂಡಿಯಿಂದ ಹಸಿರಿನ ಮೇಲೆ ತಂದು ಕೂರಿಸಿ, ಆಮೇಲೆ ನೀಲಿ. ಮೂರೂ ಕೂಡಿದಾಗ ಗೆರೆ ಪೂರ್ತಿ ಬಿಳಿಯಾಗುತ್ತದೆ. ಟಿವಿಯನ್ನು ಒಂದು ಗೋಡೆಯಿಂದ ಇನ್ನೊಂದಕ್ಕೆ ತಿರುಗಿಸಿ ಇಟ್ಟರೂ ಭೂಮಿಯ ಆಯಸ್ಕಾಂತದ ಪ್ರಭಾವ ಬದಲಾಗಿ ಇದು ಸ್ವಲ್ಪ ಜರುಗುತ್ತದೆ, ಮತ್ತೆ ಮಾಡಿಕೊಳ್ಳಿ.

ಗೆರೆಗಳು ಬಿಲ್ಲಿನ ಹಾಗೆ ಬಾಗಿ, ಎಷ್ಟು ತಿದ್ದಿದರೂ ಕೂಡದೇ ಇದ್ದರೆ ಕನ್ವರ್ಜೆನ್ಸ್ ಐಸಿ ಹೋಗಿರುತ್ತದೆ. ಮೆಕ್ಯಾನಿಕ್‌ಗಳು ಎಸ್‌ಟಿಕೆ ಐಸಿ ಅನ್ನುತ್ತಾರೆ. ಸರಿ ಮಾಡಬಹುದಾದ ದೋಷ ಇದು, ಇದಕ್ಕಾಗಿ ಸೆಟ್ ಎಸೆಯಬೇಡಿ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹುಡುಕಬಹುದು, ನಕಲಿ ಅಲ್ಲ ಅಂತ ಖಾತ್ರಿ ಮಾಡಿಕೊಂಡು ತಗೊಳ್ಳಿ, ನಕಲಿ ಹಾಕಿದರೆ ಮತ್ತೆ ಅದೇ ಕಥೆ. ಹಿಂದಿನ ಮುಚ್ಚಳ ಮಾತ್ರ ನೀವೇ ತೆಗೆಯಬೇಡಿ. ಟ್ಯೂಬಿಗೆ ಹೋಗುವುದು ಸುಮಾರು 30,000 ವೋಲ್ಟ್, ಪ್ಲಗ್ ಕಿತ್ತ ಮೇಲೂ ಒಳಗೆ ಚಾರ್ಜ್ ಉಳಿದಿರುತ್ತದೆ. ಗೊತ್ತಿರುವವರ ಕೈಯಲ್ಲೇ ಮಾಡಿಸಿ.

ಧೂಳು, ಹೊಗೆ, ಕರೆಂಟು

ನಮ್ಮ ಕಡೆ ಶಿವರಾತ್ರಿ ಕಳೆದ ಮೇಲೆ ಮಳೆ ಬರುವವರೆಗೂ ಧೂಳು. ಅದರ ಜೊತೆಗೆ ಅಡುಗೆ ಮನೆಯ ಒಗ್ಗರಣೆ ಹೊಗೆ, ಊದುಬತ್ತಿ ಹೊಗೆ ಸೇರಿ ಒಳಗಿನ ಲೆನ್ಸ್ ಮೇಲೆ, ಕನ್ನಡಿ ಮೇಲೆ ಜಿಡ್ಡಿನ ಪದರ ಕೂರುತ್ತದೆ. ವರ್ಷಗಳಿಂದ ಮಂಕಾಗುತ್ತಾ ಬಂದ ಸೆಟ್ ಎಷ್ಟೋ ಸಲ ಸವೆದಿರುವುದೇ ಇಲ್ಲ, ಒಳಗೆ ಕೊಳೆ ಕೂತಿರುತ್ತದೆ. ಮೆಕ್ಯಾನಿಕ್ ಯಾವುದಕ್ಕಾದರೂ ಬಂದಾಗ ಮೂರು ಲೆನ್ಸೂ ಒರೆಸಿಸಿ. ಕನ್ನಡಿಯನ್ನು ಬಟ್ಟೆಯಲ್ಲಿ ಉಜ್ಜಲು ಬಿಡಬೇಡಿ. ಮನೆಯ ಕನ್ನಡಿಯಲ್ಲಿ ರಸ ಹಿಂದೆ ಇರುತ್ತದೆ, ಇದರಲ್ಲಿ ಮುಂದೆಯೇ ಇರುತ್ತದೆ, ಉಜ್ಜಿದರೆ ಗೀರು ಖಂಡಿತ. ಕ್ಯಾಮೆರಾಗೆ ಬಳಸುವ ಗಾಳಿ ಊದುವ ಬಲ್ಬಿನಲ್ಲಿ ಧೂಳು ಹಾರಿಸಿದರೆ ಸಾಕು.

ಹೊರಗಿನ ಪರದೆಗೆ ಮೆತ್ತನೆಯ ಹತ್ತಿ ಬಟ್ಟೆ ನೀರಲ್ಲಿ ಹಿಂಡಿ, ಮೇಲಿಂದ ಕೆಳಕ್ಕೆ ಒರೆಸಿ. ಪರದೆಯ ಮೇಲಿನ ಸಣ್ಣ ಗೆರೆಗಳು ಉದ್ದಕ್ಕೆ ಇರುತ್ತವೆ, ಅಡ್ಡ ಉಜ್ಜಿದರೆ ಕೊಳೆ ಗೆರೆಯೊಳಗೆ ಕೂರುತ್ತದೆ. ಗಾಜು ಒರೆಸುವ ನೀಲಿ ದ್ರಾವಣ ಬೇಡ, ಇದು ಗಾಜಲ್ಲ, ಪ್ಲಾಸ್ಟಿಕ್ಕು.

ಬೇಸಿಗೆಯಲ್ಲಿ ವೋಲ್ಟೇಜ್ ಏರಿಳಿತ ನಿಮಗೆ ಗೊತ್ತೇ ಇದೆ. ಸ್ಟೆಬಿಲೈಜರ್ ಇಲ್ಲದೆ ಇಡಬೇಡಿ. ಟಿವಿಯ ಹಿಂದೆ ಬರೆದಿರುವ ವ್ಯಾಟ್ ನೋಡಿ ಅದರ ಎರಡು ಪಟ್ಟಿನ ಸ್ಟೆಬಿಲೈಜರ್ ತಗೊಳ್ಳಿ. ಗೋಡೆಗೂ ಸೆಟ್ಟಿಗೂ ನಡುವೆ ಒಂದು ಗೇಣು ಜಾಗ ಇರಲಿ.

ಲ್ಯಾಂಪಿನ ಸೆಟ್ ಇದ್ದವರಿಗೆ

ಇದರಲ್ಲಿ ಫಾಸ್ಫರ್ ಇಲ್ಲ, ಹಾಗಾಗಿ ಲೋಗೋ, ಕಪ್ಪು ಪಟ್ಟಿ ಅಂತ ತಲೆ ಕೆಡಿಸಿಕೊಳ್ಳಬೇಡಿ, ಹೇಗೆ ಬೇಕಾದರೂ ನೋಡಿ. ಇಲ್ಲಿ ಸವೆಯುವುದು ಲ್ಯಾಂಪ್. ಕೆಲವು ಸಾವಿರ ಗಂಟೆ ಉರಿದ ಮೇಲೆ ಮಂಕಾಗುತ್ತದೆ, ಬದಲಾಯಿಸಬೇಕು. ಹೊಸದನ್ನು ಹಾಕುವಾಗ ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ, ಬೆರಳಿನ ಜಿಡ್ಡು ಕೂತ ಜಾಗ ಕಾದು ಒಡೆಯಬಹುದು. ಹಾಕಿದ ಮೇಲೆ ಮೆನುವಿನಲ್ಲಿ ಲ್ಯಾಂಪ್ ಗಂಟೆ ಸೊನ್ನೆ ಮಾಡಿ.

ನಮ್ಮ ಊರಿನಂಥ ಕಡೆ ಲ್ಯಾಂಪಿಗೆ ದೊಡ್ಡ ಶತ್ರು ಕರೆಂಟ್ ಹೋಗುವುದು. ಆಫ್ ಮಾಡಿದ ಮೇಲೂ ಫ್ಯಾನ್ ತಿರುಗುವುದು ಬಿಸಿ ಲ್ಯಾಂಪನ್ನು ತಣಿಸಲು. ಕರೆಂಟ್ ಹೋದರೆ ಫ್ಯಾನೂ ನಿಂತುಹೋಗುತ್ತದೆ, ಲ್ಯಾಂಪ್ ಒಳಗೇ ಬೇಯುತ್ತದೆ. ಆದ್ದರಿಂದ ಇದನ್ನು ಯುಪಿಎಸ್ ಮೇಲೆ ಇಡಿ, ಸಿನಿಮಾ ಪೂರ್ತಿ ನೋಡಲಿಕ್ಕಲ್ಲ, ಸರಿಯಾಗಿ ಆಫ್ ಮಾಡಿ ತಣಿಸಲಿಕ್ಕೆ. ಸುಮ್ನೆ ಗೋಡೆಯ ಸ್ವಿಚ್ ತೆಗೆದು ಮಲಗುವ ಅಭ್ಯಾಸವೂ ಬೇಡ. ಡಿಎಲ್‌ಪಿಯಲ್ಲಿ ಕದಲದ ಬಿಳಿ ಚುಕ್ಕಿಗಳು ಕಂಡರೆ ಚಿಪ್ಪಿನ ಪುಟ್ಟ ಕನ್ನಡಿಗಳು ಸಿಕ್ಕಿಕೊಂಡಿವೆ ಅಂತ, ಚಿಪ್ಪೇ ಬದಲಾಗಬೇಕು. ಎಲ್‌ಸಿಡಿಯಲ್ಲಿ ಒಂದು ಕಡೆ ಹಳದಿಯೋ ನೀಲಿಯೋ ಮೋಡದಂಥ ಕಲೆ ಬಂದರೆ ಲ್ಯಾಂಪಿನ ಶಾಖಕ್ಕೆ ಒಳಗಿನ ಪದರ ಹಾಳಾಗಿದೆ. ಗಾಳಿ ಹೋಗುವ ಜಾಲರಿ ತಿಂಗಳಿಗೊಮ್ಮೆ ಸ್ವಚ್ಛ ಮಾಡಿದರೆ ಇದು ಬಹಳ ಮುಂದಕ್ಕೆ ಹೋಗುತ್ತದೆ.

ಈಗಾಗಲೇ ಗುರುತು ಬಿದ್ದಿದ್ದರೆ

ಹೋದ ಫಾಸ್ಫರ್ ವಾಪಸ್ ಬರುವುದಿಲ್ಲ. ಕೆಲವರು ಬದಿಗಳಲ್ಲಿ ಬಿಳಿ, ನಡುವೆ ಕಪ್ಪು ಇರುವ ಚಿತ್ರ ಹಾಕಿ ರಾತ್ರಿಯೆಲ್ಲ ಓಡಿಸಿ, ಉಳಿದ ಭಾಗವನ್ನೂ ಸವೆಸಿ ಸಮ ಮಾಡುತ್ತಾರೆ. ಗುರುತು ಕಡಿಮೆ ಆಗುವುದು ನಿಜ, ಆದರೆ ಇರುವ ಆಯಸ್ಸನ್ನು ಖರ್ಚು ಮಾಡಿ ಆಗುವುದು, ಜೊತೆಗೆ ಸ್ವಲ್ಪ ಜಾಸ್ತಿ ಆದರೆ ಗುರುತು ಉಲ್ಟಾ ಬೀಳುತ್ತದೆ. ನನ್ನ ಸಲಹೆ ಬೇರೆ. ಕಾಂಟ್ರಾಸ್ಟ್ ತಗ್ಗಿಸಿ, ಕೆಲವು ತಿಂಗಳು ಪರದೆ ತುಂಬುವ ಚಿತ್ರ ಮಾತ್ರ ನೋಡಿ. ತೆಳುವಾದ ಗುರುತು ಮಾಮೂಲಿ ದೃಶ್ಯಗಳಲ್ಲಿ ಕಾಣದಷ್ಟು ಮಾಸುತ್ತದೆ. ಅಕ್ಷರವೇ ಮೂಡಿದ್ದರೆ ಆ ಟ್ಯೂಬ್ ಬದಲಾಯಿಸುವುದೊಂದೇ ದಾರಿ, ಹಾಳಾದ ಇನ್ನೊಂದು ಸೆಟ್ಟಿನಿಂದ ಅದೇ ಮಾಡೆಲ್‌ನ ಟ್ಯೂಬ್ ಸಿಕ್ಕರೆ ಆದೀತು. ಒಂದನ್ನು ಮಾತ್ರ ಬದಲಾಯಿಸಿದರೆ ಬಣ್ಣ ಮತ್ತೆ ಹೊಂದಿಸಬೇಕಾಗುತ್ತದೆ, ಅದನ್ನೂ ಮೊದಲೇ ಮಾತಾಡಿಕೊಳ್ಳಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ದುಡ್ಡು ಕೊಡುವ ಮೊದಲು ಆ ಬೂದು ಚಿತ್ರದ ಪರೀಕ್ಷೆ ಮಾಡಿ, ಮಾರುವವರು ಸಿನಿಮಾ ಹಾಕಿ ತೋರಿಸಿದರೆ ಅದರಲ್ಲಿ ಏನೂ ಗೊತ್ತಾಗುವುದಿಲ್ಲ. ಹಿಂದಿನ ಚೀಟಿ ಓದಿ. 120 ವೋಲ್ಟ್, 60 ಹರ್ಟ್ಸ್ ಅಂತ ಮಾತ್ರ ಬರೆದಿದ್ದರೆ ಅದು ಅಮೆರಿಕದ ಸೆಟ್, ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಅದನ್ನು ಹಾಕಿದರೂ ನಮ್ಮ ದೇಶದ ಟಿವಿ ಪದ್ಧತಿಯಾದ ಪಾಲ್ ಸಿಗ್ನಲ್ ಅದಕ್ಕೆ ಹಿಡಿಸದೇ ಹೋಗಬಹುದು, ನಿಮ್ಮ ಸೆಟ್‌ಟಾಪ್ ಬಾಕ್ಸನ್ನೇ ಒಯ್ದು ಹಾಕಿ ನೋಡಿ. ಕೆಳಗೆ ಬಗ್ಗಿ ಟಾರ್ಚ್ ಬಿಟ್ಟು ಎಣ್ಣೆಯಂಥ ದ್ರವ ಸೋರಿದ ಗುರುತು ಇದೆಯಾ ನೋಡಿ, ಇದ್ದರೆ ಕೂಲೆಂಟ್ ಸೋರುತ್ತಿದೆ, ಬಿಟ್ಟುಬಿಡಿ. ಸಾಗಿಸುವಾಗ ನಿಲ್ಲಿಸಿಯೇ ತನ್ನಿ, ಮಲಗಿಸಬೇಡಿ. ಟಾಟಾ ಏಸ್‌ನಲ್ಲಿ ಹಿಂದೆ ಇಬ್ಬರು ಹಿಡಿದುಕೊಂಡು ನಿಂತರೆ ಒಳ್ಳೆಯದು. ಮನೆಗೆ ಬಂದ ಮೇಲೆ ಒಂದೆರಡು ಗಂಟೆ ಹಾಗೇ ಬಿಟ್ಟು, ಆಮೇಲೆ ಆನ್ ಮಾಡಿ, ಅರ್ಧ ಗಂಟೆ ಬಿಸಿಯಾಗಲು ಬಿಟ್ಟು ಕನ್ವರ್ಜೆನ್ಸ್ ಸರಿ ಮಾಡಿಕೊಳ್ಳಿ.